ತಾಮ್ರದ ಚೊಂಬು ಅಟ್ಟ ಸೇರಿದ ದಿನ

1982ರ ಬೇಸಿಗೆ. ನನಗೆ ಇಪ್ಪತ್ತೊಂದು. ಕೋಣಂದೂರಿನ ಸೋದರಮಾವನ ಮಗ ಚಂದ್ರುವಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು ನಾಲ್ಕೈದು ಮನೆಗಳೊಳಗೇ. ಅವ್ವ ಕೂಡ ಅಪ್ಪಯ್ಯನಿಗೆ ಸೋದರತ್ತೆಯ ಮಗಳು. ಚಂದ್ರು ನನಗೂ ಇಷ್ಟವಾಗಿದ್ದ, ಸುಳ್ಳೇಕೆ ಹೇಳಲಿ.

ಅದೇ ಹೊತ್ತಿಗೆ ಹದಿಮೂರು ವರ್ಷದ ತಂಗಿ ಸರೋಜಳ ಅಕ್ಷರ ಸೊಟ್ಟಗಾಗತೊಡಗಿತು. ಸೋಮಾರಿತನವೆಂದು ನಾನೇ ಗದರಿದೆ. ತಿಂಗಳೊಳಗೆ ಕಣ್ಣು ಹಳದಿಯಾಯಿತು, ಕಾಲು ಊದಿತು. ಐದು ವರ್ಷದ ಹಿಂದೆ ಅಣ್ಣ ಕಾಮಾಲೆಯಲ್ಲೇ ತೀರಿಕೊಂಡಿದ್ದ. ಆಗ ನಾಗದೋಷವೆಂದು ಪೂಜೆ ಮಾಡಿಸಿ ಸುಮ್ಮನಾಗಿದ್ದೆವು. ಈ ಸಲ ಅವ್ವ ನಾಟಿ ಮದ್ದು ಅರೆದು ಕುಡಿಸಿ, ಒಳ್ಳೆಯದೆಂದು ತಾಮ್ರದ ಚೊಂಬಿನಲ್ಲಿಟ್ಟ ನೀರನ್ನೇ ಕೊಡುತ್ತಿದ್ದಳು.

ನಾನು ಹಟ ಹಿಡಿದು ತಂಗಿಯನ್ನು ತೀರ್ಥಹಳ್ಳಿಯ ಡಾಕ್ಟರ ಬಳಿ ಕರೆದೊಯ್ದೆ. ಅವರು ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಕರಿಗುಡ್ಡೆಯ ಸುತ್ತ ಬಳೆಯಂಥ ಕಂದು ಗೆರೆ.

"ಅಪ್ಪ ಅಮ್ಮ ಸಂಬಂಧದಲ್ಲೇ ಮದ್ವೆ ಆದವ್ರಾ?"

"ಹೌದು ಡಾಕ್ಟ್ರೇ."

"ಇವಳ ಲಿವರ್‌ಗೆ ತಾಮ್ರ ಹೊರಗೆ ಹಾಕೋಕೆ ಆಗ್ತಿಲ್ಲ ಅನ್ಸುತ್ತೆ. ಒಳಗೇ ಕೂತು ಲಿವರ್ ಹಾಳ್ಮಾಡುತ್ತೆ. ಇದು ಯಾವ ಜಾತೀಲೂ ಬರಬಹುದು. ತಂದೆ ತಾಯಿ ಇಬ್ರಿಂದ್ಲೂ ದೋಷ ಬಂದಾಗ ಮಾತ್ರ ಕಾಯಿಲೆ. ಅದದೇ ಮನೆಗಳಲ್ಲಿ ಕೊಟ್ಟು ತಂದ್ರೆ ಹಂಗಾಗೋದು ಜಾಸ್ತಿ."

ಕರಾವಳಿಯ ದೊಡ್ಡಾಸ್ಪತ್ರೆಯಲ್ಲಿ ಅದೇ ಖಚಿತವಾಯಿತು. ಜೀವನಪೂರ್ತಿ ಮಾತ್ರೆ. ಮನೆಗೆ ಬಂದವಳೇ ತಾಮ್ರದ ಚೊಂಬು, ಕೊಡ ಎಲ್ಲವನ್ನೂ ಅಟ್ಟಕ್ಕೆ ಹಾಕಿದೆ.

"ನನ್ ಕೈಯಾರೆ ವಿಷ ಕುಡಿಸ್ದೆ ಕಣೇ" ಎಂದು ಅವ್ವ ಅತ್ತಳು.

"ನಿಂಗೆ ಗೊತ್ತಿರ್ಲಿಲ್ಲ ಅವ್ವ. ಈಗ ನಂಗೆ ಗೊತ್ತಾಗಿದೆ, ನಾನು ಚಂದ್ರುನ್ನ ಮದ್ವೆ ಆಗಲ್ಲ."

ಸುದ್ದಿ ತಿಳಿದು ಮಾವ ಕೆಂಡವಾಗಿ ಬಂದರು. "ನಮ್ ರಕ್ತದಲ್ಲಿ ದೋಷ ಅಂತೀಯಾ?"

ನಾನು ಎದುರು ನಿಂತೇ ಹೇಳಿದೆ. "ನನ್ನಲ್ಲೂ ಇರ್ಬೋದು ಮಾವ. ಎರಡೂ ಸೇರೋದು ಬೇಡ. ನಿಮ್ ಮನೆ ಮಕ್ಕಳ ಕಣ್ಣನ್ನೂ ಒಂದ್ಸಲ ಡಾಕ್ಟ್ರಿಗೆ ತೋರ್ಸಿ."

ಮಾವ ಕಾಫಿ ಮುಟ್ಟದೆ ಎದ್ದು ಹೋದರು. ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ. ನೆಂಟರೆಲ್ಲ ನನ್ನನ್ನು ಮನೆಮುರುಕಿ ಎಂದರು. ನಾನು ಜಗ್ಗಲಿಲ್ಲ. ಅಣ್ಣನನ್ನು ಕಳೆದುಕೊಂಡದ್ದೇ ಸಾಕಾಗಿತ್ತು.

ಮೂರು ವರ್ಷದ ನಂತರ ಸಾಗರದ ಕಡೆಯ, ನಮಗೆ ಯಾವ ನೆಂಟಸ್ತಿಕೆಯೂ ಇಲ್ಲದ ಮನೆಗೆ ನನ್ನ ಮದುವೆ ಗೊತ್ತಾಯಿತು. ಮಾತ್ರೆಯಿಂದ ಅಕ್ಷರ ಮತ್ತೆ ನೆಟ್ಟಗಾಗಿದ್ದ ಸರೋಜಳೇ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆದಳು. ಮೊದಲನೆಯದು ಮಾವನಿಗೆ.

ಮಾವ ಬರಲಿಲ್ಲ, ಚಂದ್ರು ಬಂದ. ಊಟ ಮುಗಿಸಿ ಹೊರಡುವಾಗ ಹತ್ತಿರ ಬಂದು ಹೇಳಿದ: "ತಂಗಿ ತಮ್ಮಂದಿರ ಕಣ್ಣು, ರಕ್ತ ಎಲ್ಲ ಟೆಸ್ಟ್ ಮಾಡ್ಸಿದ್ವಿ. ಯಾರಿಗೂ ಏನಿಲ್ವಂತೆ. ಅಪ್ಪಯ್ಯನೇ ಕರ್ಕೊಂಡ್ ಹೋಗಿದ್ದು, ನೀನು ಹೇಳಿದ ವಾರವೇ."

ಮಾವ ಇವತ್ತಿಗೂ ನನ್ನೊಡನೆ ಮಾತಾಡಿಲ್ಲ. ಆದರೆ ನನ್ನ ಮಾತು ಕೇಳಿದ್ದರು. ನನಗೆ ಅಷ್ಟು ಸಾಕು.