ಸುಣ್ಣದ ಗೆರೆಯೊಳಗಿನ ಕೋಣೆ

ಪಕ್ಕದ ಸೈಟಿನಲ್ಲಿ ಪಾಯಕ್ಕೆ ಸುಣ್ಣದ ಪುಡಿಯಿಂದ ಗೆರೆ ಹಾಕಿದ್ದಾರೆ. ನೀರಿನ ಟ್ಯಾಂಕರ್ ಸೋರಿ ಒಂದು ಮೂಲೆ ನೆನೆದುಹೋಗಿತ್ತು. ಬೆಳಿಗ್ಗೆ ಗೇಟು ತೆರೆದಾಗ ಆ ಒದ್ದೆ ಸುಣ್ಣದ ವಾಸನೆಗೆ, ನಮ್ಮ ಮನೆ ಕಟ್ಟುವಾಗ ಬರುತ್ತಿದ್ದ ಮ್ಯಾನೇಜರ್ ನೆನಪಾದರು…

ಕೊಡಿಗೇಹಳ್ಳಿಯ ಈ ಮನೆಗೆ ಅಪ್ಪ ಕಂಟ್ರಾಕ್ಟರ್ ಒಬ್ಬನನ್ನು ಗೊತ್ತುಮಾಡಿ, ಅವನ ಮೇಲೆ ಕಣ್ಣಿಡಲು ಇವರನ್ನು ನೇಮಿಸಿದ್ದರು. ಮಾಲೀಕರ ಪರ ನಿಂತು ಸಾಮಾನು, ಬಿಲ್ಲು, ಗಡುವು ಎಲ್ಲವನ್ನೂ ನೋಡಿಕೊಳ್ಳುವುದು ಅವರ ಕೆಲಸ. ಜೊತೆಗೆ ವ್ಯಾಲ್ಯೂ ಎಂಜಿನಿಯರಿಂಗ್, ಅಂದರೆ ಪ್ರತಿ ಖರ್ಚೂ ಯಾವ ಕೆಲಸಕ್ಕೆ ಬರುತ್ತದೆ ಎಂದು ನೋಡುವುದು, ಎಂದೂ ಏನೋ ಹೇಳುತ್ತಿದ್ದರು. ಆಗಷ್ಟೇ ಎಂ.ಎ. ಮುಗಿಸಿದ್ದ ನಾನು ಅದನ್ನು ಜಿಪುಣತನಕ್ಕಿಟ್ಟ ದೊಡ್ಡ ಹೆಸರು ಎಂದುಕೊಂಡಿದ್ದೆ.

ಅವರ ಮುಖ ನೆನಪಿಗೆ ಬರುತ್ತಿಲ್ಲ. ಮೀಸೆ ಇತ್ತೇ? ಪ್ರಶ್ನೆ ಮಾತ್ರ ನೆನಪಿದೆ.

"ಸಾರ್, ಪ್ಲಾನಲ್ಲಿ ಹಾಲು ಎರಡು ಮಹಡಿ ಎತ್ತರ ಇದೆಯಲ್ಲ, ಅದು ಏನ್ ಕೆಲ್ಸ ಮಾಡುತ್ತೆ?"

"ನೋಡೋಕೆ ಚೆನ್ನಾಗಿರುತ್ತೆ ಕಣ್ರೀ," ಎಂದರು ಅಪ್ಪ.

"ಯಾರ್ ನೋಡೋಕೆ ಸಾರ್?"

ಆಮೇಲೆ ಅಮ್ಮನ ಕಡೆ ತಿರುಗಿ, ನಿಮಗೇನು ಬೇಕು ಎಂದು ಕೇಳಿದರು. ಆಗಲೇ ಮಂಡಿ ನೋವಿದ್ದ ಅಮ್ಮ, ಮಲಗುವುದಕ್ಕೆ ಕೆಳಗೇ ಒಂದು ಕೋಣೆ ಇದ್ದರೆ ಸಾಕು ಎಂದಳು. ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಮ್ಯಾನೇಜರ್ ಲೆಕ್ಕ ಹಾಕಿದರು: ಹಾಲಿನ ಎತ್ತರ ತಗ್ಗಿಸಿ, ಗ್ರಾನೈಟ್ ಕಂಬಗಳನ್ನು ಬಿಟ್ಟರೆ, ಅದೇ ಖರ್ಚಿನಲ್ಲಿ ಕೆಳಗೊಂದು ಕೋಣೆ, ಅದಕ್ಕೆ ಅಂಟಿಕೊಂಡೇ ಬಾತ್‌ರೂಮು. ಮರುದಿನ ಖಾಲಿ ನೆಲದ ಮೇಲೆ ಅದನ್ನು ಸುಣ್ಣದಲ್ಲಿ ಬರೆಸಿ, ನಡುವೆ ಪ್ಲಾಸ್ಟಿಕ್ ಕುರ್ಚಿ ಇಟ್ಟರು.

"ಅಮ್ಮಾ, ಇದು ನಿಮ್ ಮಂಚ. ಎದ್ದು ಬಾತ್‌ರೂಮಿಗೆ ಹೋಗಿ, ನೋಡಣ."

ಅಮ್ಮ ಚಪ್ಪಲಿ ಬಿಟ್ಟು, ಗೆರೆ ತುಳಿಯದಂತೆ ಬಾಗಿಲ ಜಾಗದಲ್ಲೇ ದಾಟಿ ನಡೆದಳು. ನಕ್ಕಳು ಕೂಡ. ಅಥವಾ ಅಪ್ಪನ ಮೇಲಿನ ಸಿಟ್ಟಿಗೆ ಆ ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ… ಈ ಅನುಮಾನ ನನ್ನನ್ನು ಬಿಟ್ಟಿಲ್ಲ.

ಅದೇ ವಾರ ಕಂಟ್ರಾಕ್ಟರ್ ಆ ಗೆರೆಗಳನ್ನು ನೋಡಿದ. "ಏನ್ ಸಾರ್, ಆಸ್ಪತ್ರೆ ವಾರ್ಡ್ ಕಟ್ಟಿಸ್ತಿದೀರಾ? ಗೃಹಪ್ರವೇಶಕ್ಕೆ ಬಂದೋರು ಏನಂತಾರೆ?" ಅಪ್ಪನಿಗೆ ಅಷ್ಟೇ ಸಾಕಾಯಿತು. ಮ್ಯಾನೇಜರನ್ನು ಕೆಲಸದಿಂದ ಬಿಡಿಸಿದರು. ಅವರು ಜಗಳವಾಡಲಿಲ್ಲ. "ಮನೆ ನಿಮ್ದು ಸಾರ್. ಮಂಡಿ ಮಾತ್ರ ಅಮ್ಮಂದು," ಎಂದು ಸ್ಕೂಟರ್ ಹತ್ತಿದರು. ಮತ್ತೆ ಕಾಣಲಿಲ್ಲ.

ಹಾಲು ಎತ್ತರಕ್ಕೇ ಎದ್ದಿತು. ಗೃಹಪ್ರವೇಶದ ದಿನ ಬಂದವರೆಲ್ಲ ತಲೆಯೆತ್ತಿ ನೋಡಿದರು, ಹೋಳಿಗೆ ತಿಂದರು, ಹೋದರು. ಅಮ್ಮ ವರ್ಷಗಟ್ಟಲೆ ಮೆಟ್ಟಿಲು ಹತ್ತಿದಳು, ಒಂದು ದಿನ ಆಗುವುದೇ ಇಲ್ಲ ಎನ್ನುವವರೆಗೆ. ಈಗ ಅಪ್ಪ ಇಲ್ಲ. ಈ ಸಿಟ್ಟನ್ನು ಯಾರ ಮುಂದೆ ತೀರಿಸಿಕೊಳ್ಳಲಿ? ಆ ಹಾಲಿನಲ್ಲೇ, ತೂಗುದೀಪದ ಕೆಳಗೆ ಅಮ್ಮನ ಮಂಚ. ಒಂದು ಪರದೆ. ಅದರ ಹಿಂದೆ ಕಮೋಡ್ ಕುರ್ಚಿ. ಯಾರಾದರೂ ಕಾಲಿಂಗ್ ಬೆಲ್ ಒತ್ತಿದರೆ ಅಮ್ಮ ಮೊದಲು ಸೆರಗು ಹುಡುಕುತ್ತಾಳೆ.

ಗೇಟು ಹಾಕಿ ಒಳಗೆ ಬಂದೆ. "ಏನೋ ಅದು, ಬೆಳಗ್ಗೆಯಿಂದ ಸದ್ದು?" ಎಂದಳು.

"ಪಕ್ಕದಲ್ಲಿ ಮನೆ ಕಟ್ಟಿಸ್ತಿದಾರೆ. ಸುಣ್ಣದ ಗೆರೆ ಹಾಕಿದಾರೆ."

ಅಂದು ಗೆರೆಗಳ ನಡುವೆ ನಡೆಯುವಾಗ ನೀನು ನಕ್ಕದ್ದು ನಿಜವೇ ಎಂದು ಕೇಳಬೇಕೆನಿಸಿತು. ಅಮ್ಮ ಪರದೆಯನ್ನೇ ನೋಡುತ್ತಿದ್ದಳು.

"ಆ ಬಾತ್‌ರೂಮು ಎಷ್ಟ್ ಹತ್ರ ಇತ್ತು ಕಣೋ," ಎಂದಳು.