ಸುಮತಿಯ ತಲೆಗೆ ಕಟ್ಟಿದ ಕರೆಂಟ್ ಬಿಲ್

ಮೆಲ್ಬರ್ನಿನ ನಮ್ಮ ಮನೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದ ಸುಮತಿ ಎಂಬವಳ ಮೇಲೆ ನಾನು ಇಲ್ಲದ ತಪ್ಪು ಹೊರಿಸಿ ಮನೆ ಬಿಡಿಸಿದೆ. ಅವಳದು ತಪ್ಪಿಲ್ಲವೆಂದು ಗೊತ್ತಾದ ಮೇಲೂ ಸುಮ್ಮನಿದ್ದೆ – ಇಲ್ಲ, ಸುಮ್ಮನಿದ್ದೆ ಅನ್ನುವುದೂ ಸುಳ್ಳು. ಸುಮ್ಮನಿದ್ದಿದ್ದರೆ ಅವಳಿಗೆ ಅಷ್ಟು ಹಾನಿಯಾಗುತ್ತಿರಲಿಲ್ಲ. ನಾನು ಬಾಯಿ ಬಿಟ್ಟೆ. ಎಲ್ಲಿ ಬಿಡಬಾರದಿತ್ತೋ ಅಲ್ಲೇ ಬಿಟ್ಟೆ.

ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ. ಸಿಟ್ಟು ಬರುತ್ತಿದೆ. ನನ್ನ ಮೇಲೇ.

ಎರಡು ಸಾವಿರದ ಐದರ ಮಾತು. ನಾವಾಗ ವಿಂಡಮ್ ವೇಲ್‌ನಲ್ಲಿದ್ದೆವು. ಸುತ್ತಮುತ್ತ ಹೊಸ ಮನೆಗಳು, ಇನ್ನೂ ಗಿಡ ನೆಡದ ಅಂಗಳಗಳು. ನಮ್ಮದು ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆಗಳಲ್ಲಿ ಒಂದು. ಗಂಡ ಪ್ರಕಾಶ್‌ಗೆ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಏಳಕ್ಕೆ. ಮೈಸೂರಿನಲ್ಲಿ ಎಂಟು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ್ದ ನಾನು ಇಲ್ಲಿ ಅಡಿಗೆ ಮಾಡಿಕೊಂಡು, ಕಿಟಕಿಯಲ್ಲಿ ನಿಂತು ರಸ್ತೆ ನೋಡಿಕೊಂಡು ಇದ್ದೆ. ಮನೆಸಾಲದ ಕಂತಿಗೆ ಸ್ವಲ್ಪ ಸಹಾಯವಾಗಲಿ ಅಂತ ಹಿಂದಿನ ರೂಮು ಬಾಡಿಗೆಗೆ ಕೊಟ್ಟೆವು. ಹಾಗೆ ಬಂದವಳು ಸುಮತಿ.

ಕಾರ್ಕಳದ ಹತ್ತಿರದವಳು, ಮನೆಮಾತು ತುಳು. ಊರಿನಲ್ಲಿ ನರ್ಸ್ ಆಗಿದ್ದವಳು, ಇಲ್ಲಿಯೂ ನರ್ಸ್ ಎಂದು ರಿಜಿಸ್ಟರ್ ಆಗಲು ಬೇಕಾದ ಕೋರ್ಸಿಗೆ ಬಂದಿದ್ದಳು. ತರಬೇತಿ ನಮ್ಮ ಮನೆಗೆ ಹತ್ತು ನಿಮಿಷದ ಬಸ್ಸಿನಷ್ಟು ದೂರದ ಆಸ್ಪತ್ರೆಯಲ್ಲಿ. ಪರೀಕ್ಷೆ ಪಾಸಾಗಿ ಕೆಲಸ ಸಿಕ್ಕರೆ ಗಂಡ ಮತ್ತು ನಾಲ್ಕು ವರ್ಷದ ಮಗಳನ್ನು ಕರೆಸಿಕೊಳ್ಳಬೇಕು – ಅವಳ ಇಡೀ ಲೆಕ್ಕಾಚಾರ ಅಷ್ಟೇ. ಮೊದಲ ದಿನದಿಂದಲೇ ನನ್ನನ್ನು ಅಕ್ಕ ಅಂದಳು. ಭಾನುವಾರ ನೀರುದೋಸೆ ಹುಯ್ಯುತ್ತಿದ್ದಳು. ನನಗೆ ಆ ಮನೆಯಲ್ಲಿ ಹಗಲು ಹೊತ್ತು ಮಾತಾಡಲು ಇದ್ದ ಒಬ್ಬಳೇ ಒಬ್ಬಳು ಅವಳು.

ಆ ಏಪ್ರಿಲ್‌ನಲ್ಲಿ ಕರೆಂಟ್ ಕಂಪನಿ ಬದಲಾಯಿಸಿ ಅಂತ ಹೇಳಿಕೊಂಡು ಒಬ್ಬ ಮನೆಬಾಗಿಲಿಗೆ ಬಂದ. ಇಲ್ಲಿ ಕರೆಂಟ್ ಮಾರುವ ಕಂಪನಿಗಳು ಹಲವು, ಬೇಕಾದ್ದನ್ನು ನಾವೇ ಆರಿಸಿಕೊಳ್ಳಬಹುದು. ನಮ್ಮ ದೇಶದವನೇ, ಹಿಂದಿಯಲ್ಲಿ ‘ದೀದಿ’ ಅಂದ. ಈಗಿರುವ ಕಂಪನಿಗಿಂತ ರೇಟು ಕಡಿಮೆ, ಜೊತೆಗೆ ಸೂಪರ್‌ಮಾರ್ಕೆಟ್ಟಿನ ವೋಚರ್. ‘ನಿಮ್ಮ ಮೀಟರ್ ನಂಬರ್ ಒಂದು ಬೇಕು’ ಅಂದ. ಹಳೆಯ ಬಿಲ್ಲುಗಳನ್ನು ಪ್ರಕಾಶ್ ಎಲ್ಲಿಟ್ಟಿದ್ದರೋ ಸಿಗಲಿಲ್ಲ. ನಾನೇ ಹೊರಗೆ ಹೋಗಿ ಗೋಡೆಯ ಮೇಲಿನ ಮೀಟರ್ ಡಬ್ಬಿ ತೆಗೆದು ನಂಬರ್ ಬರೆದುಕೊಂಡು ಬಂದು ಕೊಟ್ಟೆ, ಸಹಿ ಹಾಕಿದೆ. ಪ್ರಕಾಶ್‌ಗೆ ಸಂಜೆ ಹೇಳಿದಾಗ ‘ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?’ ಅಂದರು. ‘ಎಲ್ಲದಕ್ಕೂ ನಿಮ್ಮನ್ನೇ ಕೇಳಬೇಕಾ, ನನಗೂ ಬುದ್ಧಿ ಇದೆ’ ಅಂದೆ. ಈ ದೇಶಕ್ಕೆ ಬಂದ ಮೇಲೆ ನಾನು ಒಬ್ಬಳೇ ಮಾಡಿದ ಮೊದಲ ವ್ಯವಹಾರ ಅದು.

ಆಗಸ್ಟ್‌ನಲ್ಲಿ ಇಲ್ಲಿಯ ಚಳಿಗಾಲದ ಕೊನೆಗೆ ಹೊಸ ಕಂಪನಿಯ ಮೊದಲ ಬಿಲ್ ಬಂತು. ಹಿಂದಿನ ವರ್ಷದ ಚಳಿಗಾಲದ ಬಿಲ್ಲಿನ ಮೂರು ಪಟ್ಟು.

ಕಂಪನಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಅದೇ ಸಂಗೀತ. ಕೊನೆಗೆ ಸಿಕ್ಕವಳು, ‘ಮೀಟರ್ ಓದಿಯೇ ಬಿಲ್ ಹಾಕಿದ್ದೇವೆ, ಮನೆಯಲ್ಲಿ ಹೀಟರ್ ಹೆಚ್ಚು ಬಳಸಿದ್ದೀರೇನೋ ನೋಡಿ’ ಅಂದಳು. ಮತ್ತೆ ಮಾಡಿದೆ, ಬೇರೆಯವನು ಅದೇ ಮಾತು ಹೇಳಿದ. ಸಿಟ್ಟಿನಲ್ಲಿ ಫೋನ್ ಕುಕ್ಕಿದೆ. ಆ ಸಿಟ್ಟಿನ ಕೆಳಗೆ ಇನ್ನೊಂದಿತ್ತು – ಪ್ರಕಾಶ್ ಬರುವ ಹೊತ್ತಾಗುತ್ತಿತ್ತು. ಅವರಿಗೆ ನಾನು ಏನು ಹೇಳಲಿ? ನನ್ನ ಬುದ್ಧಿ ಮೂರು ಪಟ್ಟು ಬಿಲ್ ತಂದಿತು ಅನ್ನಲೇ?

ಹೀಟರ್. ಆ ಒಂದು ಮಾತು ತಲೆಯಲ್ಲಿ ಉಳಿದಿತ್ತು.

ಸುಮತಿ ತರಬೇತಿಗೆ ಹೋಗಿದ್ದಳು. ಅವಳ ರೂಮಿಗೆ ನುಗ್ಗಿದೆ. ಮಂಚದ ಕೆಳಗೆ ಒಂದು ಸಣ್ಣ ಫ್ಯಾನ್ ಹೀಟರ್ ಇತ್ತು. ಅದನ್ನು ನೋಡಿದಾಗ ನನಗೆ ಆದದ್ದು ಏನು ಗೊತ್ತೇ? ಸಮಾಧಾನ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ಅವಳು ಬರುವ ಹೊತ್ತಿಗೆ ಊಟದ ಮೇಜಿನ ಮೇಲೆ ಬಿಲ್ಲನ್ನೂ ಹೀಟರನ್ನೂ ಅಕ್ಕಪಕ್ಕ ಇಟ್ಟು ಕೂತಿದ್ದೆ. ಪ್ರಕಾಶ್ ಆಗಲೇ ಬಂದಿದ್ದರು.

‘ಏನಿದು?’ ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬಿಲ್ ನೋಡಿದಳು, ಹೀಟರ್ ನೋಡಿದಳು, ನನ್ನ ಮುಖ ನೋಡಿದಳು.

‘ಅದು ಹಾಳಾಗಿದೆ ಅಕ್ಕ. ಯಾರೋ ಮನೆ ಖಾಲಿ ಮಾಡುವಾಗ ಮಾರಿದ್ದು, ಕಮ್ಮಿಗೆ ಸಿಕ್ತು ಅಂತ ತಂದದ್ದು. ಒಂದು ದಿನ ಸಹ ಓಡ್ಲಿಲ್ಲ. ಬೇಕಾದ್ರೆ ಈಗ್ಲೇ ಹಾಕಿ ನೋಡಿ.’

ಪ್ಲಗ್ ಪಾಯಿಂಟ್ ನನ್ನ ಬೆನ್ನ ಹಿಂದೆಯೇ ಇತ್ತು. ಎದ್ದು ತಿರುಗಿದರೆ ಸಾಕಿತ್ತು. ನಾನು ಏಳಲಿಲ್ಲ.

‘ಹಾಳಾದ ಹೀಟರ್ ಮಂಚದ ಕೆಳಗೆ ಯಾಕೆ ಬಚ್ಚಿಡ್ತಾರೆ? ಬಾಗಿಲು ಹಾಕ್ಕೊಂಡು ರಾತ್ರಿಯೆಲ್ಲ ಉರಿಸಿದೀಯ. ಅಕ್ಕ ಅಕ್ಕ ಅಂದ್ಕೊಂಡೇ ನನ್ನ ತಲೆ ಒಡೆದೆ ಕಣೆ. ಶನಿವಾರದ ಒಳಗೆ ಬೇರೆ ಮನೆ ನೋಡ್ಕೋ.’

‘ಅಕ್ಕ, ನಾನು ಯಾಕೆ ಸುಳ್ಳು ಹೇಳುದು? ಮುಂದಿನ ತಿಂಗಳು ಪರೀಕ್ಷೆ ಉಂಟು...’

ಮಾತು ಮುಗಿಸಲು ನಾನು ಬಿಡಲಿಲ್ಲ. ಪ್ರಕಾಶ್ ‘ಇರಲಿ, ನಿಧಾನವಾಗಿ ಮಾತಾಡೋಣ’ ಅಂದದ್ದಕ್ಕೆ ಅವರ ಮೇಲೂ ರೇಗಿದೆ. ರೇಗಿದಷ್ಟೂ ನನಗೆ ನಾನು ಹೇಳುತ್ತಿರುವುದು ಸರಿ ಅನ್ನಿಸುತ್ತಾ ಹೋಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದ ಮೇಲೆ ಮೇಜಿನ ಮೇಲಿದ್ದ ಆ ಹೀಟರನ್ನು ಪ್ಲಗ್ಗಿಗೆ ಹಾಕಿದೆ. ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ಅಡಿಗೆಮನೆಯ ಪ್ಲಗ್ಗಿಗೆ ಹಾಕಿ ನೋಡಿದೆ. ಅಲ್ಲೂ ಇಲ್ಲ. ವೈರು ಒಳಗೇ ಸುಟ್ಟು ಕಪ್ಪಾಗಿತ್ತು.

ಅವತ್ತು ಮಂಗಳವಾರ. ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಸಂಜೆ ಅವಳು ಬಂದಾಗ ‘ಹೋಗಬೇಡ ಕಣೆ, ನಂದೇ ತಪ್ಪು’ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಹಾಗಂದರೆ ಪ್ರಕಾಶ್ ಕೇಳುತ್ತಿದ್ದರು – ಹಾಗಾದರೆ ಬಿಲ್ ಯಾಕೆ ಅಷ್ಟು ಬಂತು? ಆ ಪ್ರಶ್ನೆ ನನ್ನ ಮುಂದೆ ಬಂದು ನಿಲ್ಲಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಹೀಟರನ್ನು ಕಸಕ್ಕೆ ಹಾಕಿದೆ. ಶನಿವಾರ ಅವಳು ಎರಡು ಸೂಟ್‌ಕೇಸ್ ಎಳೆದುಕೊಂಡು ಹೊರಟಳು. ಬಾಡಿಗೆಗೆ ಬರುವಾಗ ಮುಂಗಡವಾಗಿ ಕೊಟ್ಟಿದ್ದ ಬಾಂಡ್ ಹಣದಲ್ಲಿ ಅರ್ಧ ಬಿಲ್ ಹಿಡಿದುಕೊಂಡು ಉಳಿದದ್ದು ಕೊಟ್ಟೆ. ಅವಳು ಎಣಿಸದೆ ಬ್ಯಾಗಿಗೆ ಹಾಕಿಕೊಂಡು, ‘ಬರ್ತೇನೆ ಅಕ್ಕ’ ಅಂದಳು.

ಊರಿನ ಆ ತುದಿಯ ಸಬರ್ಬಿನಲ್ಲಿ ಗೆಳತಿಯೊಬ್ಬಳ ಹಾಲ್‌ನಲ್ಲಿ ಹಾಸಿಗೆ ಹಾಕಿಕೊಂಡಿದ್ದಾಳೆ, ಅಲ್ಲಿಂದ ತರಬೇತಿಗೆ ಬರಲು ಎರಡೂವರೆ ಗಂಟೆ ಬೇಕು ಅಂತ ಯಾರೋ ಹೇಳಿದರು. ನಮ್ಮ ಪರಿಚಯದ, ನಮ್ಮ ಮನೆಯ ಹತ್ತಿರವೇ ಇದ್ದ ಶೈಲಜಾ ಆಂಟಿಯ ಮನೆಯಲ್ಲಿ ಒಂದು ರೂಮು ಖಾಲಿಯಾಗುವುದಿತ್ತು. ಅವರು ಅವಳಿಗೆ ಕೊಡುತ್ತೇನೆ ಅಂದಿದ್ದರಂತೆ. ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದಾಗ ಊಟದ ಮಧ್ಯೆ ಆಂಟಿ ನನ್ನನ್ನು ಕೇಳಿದರು: ‘ಆ ಮಂಗಳೂರು ಕಡೆ ಹುಡುಗಿ ನಿಮ್ಮನೇಲಿದ್ದಳಲ್ಲ, ಹೇಗಮ್ಮಾ ಅವಳು?’

ಸುತ್ತ ಇನ್ನೂ ಮೂವರು ಹೆಂಗಸರಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

‘ಒಳ್ಳೆಯವಳೇ ಆಂಟಿ. ಆದರೆ ಅವಳಿದ್ದಾಗ ನಮಗೆ ಕರೆಂಟ್ ಬಿಲ್ ಮೂರು ಪಟ್ಟು ಬಂತು. ನೋಡಿ, ನಿಮ್ಮಿಷ್ಟ.’

ಒಂದೊಂದು ಮಾತೂ ನಿಜ. ಎಷ್ಟು ನಾಜೂಕಾಗಿ ಜೋಡಿಸಿದ್ದೆ. ಹೀಟರ್ ಅನ್ನುವ ಶಬ್ದವನ್ನೇ ಎತ್ತಲಿಲ್ಲ, ಅದನ್ನು ಅವರೇ ಊಹಿಸಿಕೊಂಡರು. ಆಂಟಿ ‘ಹೌದಾ’ ಅಂದು ಪಾಯಸಕ್ಕೆ ಕೈ ಚಾಚಿದರು. ಸುಮತಿಗೆ ಆ ರೂಮು ಸಿಗಲಿಲ್ಲ.

ಅದಾದ ವಾರಕ್ಕೆ ಹಳೆಯ ಕಂಪನಿಯಿಂದ ಬಿಲ್ ಬಂತು. ಜೂನ್‌ನಲ್ಲಿ ಬಂದದ್ದೇ ಅವರ ಕೊನೆಯದು ಅಂದುಕೊಂಡಿದ್ದೆ. ಬಿಟ್ಟ ಕಂಪನಿ ಯಾಕೆ ಬಿಲ್ ಕಳಿಸುತ್ತದೆ ಅಂತ ಜಗಳಕ್ಕೇ ಫೋನ್ ಮಾಡಿದೆ. ‘ನೀವು ನಮ್ಮನ್ನು ಬಿಟ್ಟೇ ಇಲ್ಲವಲ್ಲ’ ಅಂದರು. ಅವರು ಹೇಳಿದ ಮೀಟರ್ ನಂಬರ್ ಹಿಡಿದುಕೊಂಡು ಹೊರಗೆ ಹೋಗಿ ಡಬ್ಬಿ ತೆಗೆದೆ. ಒಳಗೆ ಎರಡು ಮೀಟರ್. ಎಡಗಡೆಯದು ನಮ್ಮದು. ಬಲಗಡೆಯದು ಪಕ್ಕದ ಮನೆಯ ನಿವೃತ್ತ ಮುದುಕರದ್ದು. ಅವರು ಹಿತ್ತಲ ಶೆಡ್ಡಿನಲ್ಲಿ ದಿನವಿಡೀ ಮರ ಕೊಯ್ಯುವ ಯಂತ್ರ ಓಡಿಸುತ್ತಿದ್ದರು. ಆ ಮಾರುವವನಿಗೆ ನಾನು ಬರೆದುಕೊಟ್ಟದ್ದು ಬಲಗಡೆಯ ನಂಬರ್. ಅವನು ಮೋಸ ಮಾಡಲಿಲ್ಲ, ಕಂಪನಿ ಮೋಸ ಮಾಡಲಿಲ್ಲ. ಎಂಟು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ಒಂದು ನಂಬರನ್ನು ಸರಿಯಾಗಿ ನೋಡಿಕೊಳ್ಳದೆ, ಪಕ್ಕದ ಮನೆಯ ಬಿಲ್ಲನ್ನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದಳು.

ನಮ್ಮ ನಿಜವಾದ ಬಿಲ್, ಆ ಹಳೆಯ ಕಂಪನಿಯದು, ಹಿಂದಿನ ಚಳಿಗಾಲಕ್ಕಿಂತಲೂ ಕಡಿಮೆಯಿತ್ತು. ಆ ಹಿಂದಿನ ರೂಮಿನಲ್ಲಿ ಆ ಚಳಿಯಲ್ಲಿ ಸುಮತಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓದುತ್ತಿದ್ದಳು ಅನ್ನುವುದು ನನಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ನೋಡಿದ್ದೆ.

ಅವಳ ಪರೀಕ್ಷೆಗೆ ಆಗ ಇನ್ನೂ ಎರಡು ವಾರವಿತ್ತು. ಒಂದು ಫೋನ್ ಮಾಡಲಿಲ್ಲ. ಹೊಸ ಕಂಪನಿಗೆ ಮಾತ್ರ ಮತ್ತೆ ಮತ್ತೆ ಮಾಡಿದೆ. ತಪ್ಪು ಸರಿಪಡಿಸಿ ನಾವು ಕಟ್ಟಿದ್ದನ್ನೆಲ್ಲ ಚೆಕ್‌ನಲ್ಲಿ ಕಳಿಸಿದರು. ನನ್ನ ಹೆಸರಿಗೇ ಬಂದಿತ್ತು. ಪ್ರಕಾಶ್‌ಗೆ ತೋರಿಸದೆ ನನ್ನ ಅಕೌಂಟಿಗೆ ಹಾಕಿಕೊಂಡೆ, ಸುಮತಿಯ ಅರ್ಧವನ್ನೂ ಸೇರಿಸಿ. ಅದರಲ್ಲಿ ಏನು ಕೊಂಡೆ ಅಂತ ಇವತ್ತು ನೆನಪಿಲ್ಲ. ನೆನಪಿಡುವಷ್ಟು ದೊಡ್ಡದೇನನ್ನೂ ಕೊಂಡಿರಲಾರೆ.

ಹಾಜರಿ ಕಡಿಮೆಯಾಗಿ ಸುಮತಿಗೆ ಆ ಸಲ ಕೋರ್ಸ್ ಮುಗಿಸಲು ಆಗಲಿಲ್ಲ. ಸಿಡ್ನಿಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳಂತೆ – ಅಷ್ಟು ಗೊತ್ತಾಯಿತು. ಅದಕ್ಕಿಂತ ಹೆಚ್ಚು ನಾನು ಯಾರನ್ನೂ ಕೇಳಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಪ್ರಕಾಶ್‌ಗೆ ಸಿಡ್ನಿಗೆ ವರ್ಗವಾಯಿತು, ಚಾಟ್ಸ್‌ವುಡ್‌ನ ಆಫೀಸು. ಅಲ್ಲಿಯ ಸ್ಟೇಷನ್ ಹತ್ತಿರ ಒಂದು ಮಧ್ಯಾಹ್ನ ‘ಅಕ್ಕ, ನೀವಾ?’ ಅಂತ ಯಾರೋ ಕೂಗಿದರು. ನರ್ಸ್ ಸಮವಸ್ತ್ರದಲ್ಲಿ ಸುಮತಿ, ಅವಳ ಕೈ ಹಿಡಿದುಕೊಂಡು ಮಗಳು. ‘ಮೊದಲು ಬಂದಾಗ ನಾನು ಇವರ ಮನೆಯಲ್ಲೇ ಇದ್ದದ್ದು ಮಗಾ’ ಅಂದಳು. ಮಗಳು ‘ಹಾಯ್ ಆಂಟಿ’ ಅಂದಳು. ಸುಮತಿ ನಗುತ್ತಿದ್ದಳು. ಆ ನಗುವನ್ನು ನನಗೆ ನೋಡಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೋನ್ ನಂಬರ್ ಕೊಟ್ಟಳು. ಮುಂದಿನ ವಾರ ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಹೋಗಿ, ಒಂದು ಕಾಫಿ ಅಂಗಡಿಯಲ್ಲಿ ಎದುರು ಕೂತು ಎಲ್ಲ ಹೇಳಿದೆ. ಮೀಟರ್, ಚೆಕ್, ಶೈಲಜಾ ಆಂಟಿ. ಅವಳು ಕೊನೆಗೆ ಒಂದೇ ಕೇಳಿದಳು.

‘ಆ ಹೀಟರ್ ಹಾಳಾದದ್ದು ಅಂತ ನಿಮಗೆ ಯಾವಾಗ ಗೊತ್ತಾದದ್ದು?’

‘ಮರುದಿನ.’

‘ಮರುದಿನ’ ಅಂದಳು. ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ‘ನಿಮಗೆ ಏನೋ ತಪ್ಪು ತಿಳುವಳಿಕೆ ಆಗಿದೆ ಅಂತ ಎಣಿಸಿದ್ದೆ ನಾನು. ಇಷ್ಟು ವರ್ಷ ಹಾಗೇ ಎಣಿಸಿದ್ದು. ಮಗಳು ಅಲ್ಲಿ ಅಜ್ಜಿ ಹತ್ರ ಇನ್ನೂ ಎರಡು ವರ್ಷ ಇರಬೇಕಾಯ್ತು. ಬಂದ ಮೇಲೆ ಆರು ತಿಂಗಳು ನನ್ನ ಹತ್ರ ಮಲಗ್ಲಿಲ್ಲ ಅದು, ಗೊತ್ತುಂಟಾ? ಆಗ ಸಹ ನಿಮಗೆ ಬೈಲಿಲ್ಲ ನಾನು.’

ಅವಳ ದನಿ ಏರಲಿಲ್ಲ. ಮುಖ ಮಾತ್ರ ನನಗೆ ಪರಿಚಯವೇ ಇಲ್ಲದ ಮುಖವಾಗಿತ್ತು. ಅವಳಿಂದ ಹಿಡಿದುಕೊಂಡಿದ್ದ ಹಣವನ್ನು ಕವರಿನಲ್ಲಿ ಹಾಕಿ ತಂದಿದ್ದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ತೆಗೆದುಕೊಂಡಳು. ‘ಇದು ನನ್ನದು’ ಅಂದಳು. ಎದ್ದು ನಿಂತು, ‘ಕ್ಷಮೆ ಎಲ್ಲ ನನ್ನ ಹತ್ರ ಕೇಳ್ಬೇಡಿ. ಆ ಆಂಟಿಗೆ ಹೋಗಿ ಹೇಳಿ. ಅಲ್ಲಿ ಕೂತಿದ್ದವರಿಗೆಲ್ಲ ಹೇಳಿ’ ಅಂದು ಹೋದಳು. ಹೋಗುವಾಗ ಅಕ್ಕ ಅನ್ನಲಿಲ್ಲ.

ಇದಾಗಿ ಏಳು ತಿಂಗಳು. ಈ ಏಳು ತಿಂಗಳೂ ನಾನು ಹೇಳಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. ಪ್ರಕಾಶ್‌ಗೆ ಹೇಳಿದ್ದು ಮೊನ್ನೆ. ಅವರು ಎದ್ದು ಹೋದರು. ಎರಡು ದಿನದಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಅವರ ಎದುರು ಸಣ್ಣವಳಾಗಬಾರದೆಂದೇ ತಾನೇ ಇಷ್ಟೆಲ್ಲ ಮಾಡಿದ್ದು.

ಇವತ್ತು ಬೆಳಿಗ್ಗೆ ಶೈಲಜಾ ಆಂಟಿಗೆ ಫೋನ್ ಮಾಡಿದೆ.

‘ಯಾವ ಸುಮತಿ ಅಮ್ಮಾ?’ ಅಂದರು. ‘ನನಗೆ ನೆನಪೇ ಇಲ್ಲವಲ್ಲ.’

ಒಬ್ಬಳ ಎರಡು ವರ್ಷ ಹೋಗಿದ್ದು ಆ ಊಟದ ಮಧ್ಯದ ಒಂದು ಮಾತಿನಲ್ಲಿ. ಕೇಳಿದವರಿಗೆ ನೆನಪೂ ಇಲ್ಲ. ಇಲ್ಲಿಗೇ ಬಿಟ್ಟುಬಿಡು, ಯಾರಿಗೂ ಗೊತ್ತಿಲ್ಲವಲ್ಲ ಅಂತ ನನ್ನೊಳಗಿನ, ಹೀಟರನ್ನು ಕಸಕ್ಕೆ ಹಾಕಿದ ಆ ಹೆಂಗಸು ಮತ್ತೆ ಹೇಳಿದಳು. ಅವಳ ಬಾಯಿ ಮುಚ್ಚಿಸಬೇಕಾಗಿತ್ತು. ಸುಮತಿ ಯಾರು ಅನ್ನುವಲ್ಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.

‘ಹೋಗ್ಲಿ ಬಿಡಮ್ಮ, ಹಳೇ ಕಥೆ’ ಅಂದರು ಆಂಟಿ. ‘ಯಾರ ಮನೇಲಿ ಆಗಲ್ಲ?’

‘ಬಿಡಬೇಡಿ ಆಂಟಿ’ ಅಂದೆ. ‘ಅವತ್ತು ನಾನು ನಿಮಗೆ ಹೇಳಿದ್ದು ಸುಳ್ಳು. ಅವಳು ಒಂದು ದಿನವೂ ಹೀಟರ್ ಹಾಕಿರಲಿಲ್ಲ. ನಿಮಗೆ ಇದು ಗೊತ್ತಿರಬೇಕು.’

ಆಮೇಲೆ ಆಂಟಿ, ಸ್ವಲ್ಪ ಬೇರೆ ದನಿಯಲ್ಲಿ, ‘ನಾನೂ ಅವಳನ್ನೇ ಒಂದು ಮಾತು ಕೇಳಲಿಲ್ಲ ಅಲ್ವಾ’ ಅಂದು ಫೋನ್ ಇಟ್ಟರು.

ಅವತ್ತು ಅಲ್ಲಿ ಕೂತಿದ್ದವರು ಇನ್ನೂ ಮೂವರಿದ್ದಾರೆ. ಒಬ್ಬರು ಈಗ ಪರ್ತ್‌ನಲ್ಲಿದ್ದಾರೆ, ನಂಬರ್ ಹುಡುಕಬೇಕು. ಉಳಿದ ಇಬ್ಬರಿಗೆ ನಾಳೆ ಮಾಡುತ್ತೇನೆ. ಸುಮತಿಗೆ ಇದನ್ನು ತಿಳಿಸುವುದಿಲ್ಲ. ಅವಳು ಕೇಳಿದ್ದು ತನಗೆ ಹೇಳಿ ಅಂತ ಅಲ್ಲ, ಅವರಿಗೆ ಹೇಳಿ ಅಂತ.