ರುದ್ರಣ್ಣನ ಗೋಡೆಯ ಮೂರು ದೀಪ

ನನಗೆ ಒಂದು ಡಬ್ಬಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಎದುರುಮನೆ ಈರುಳ್ಳಿ ವ್ಯಾಪಾರಿ ರುದ್ರಣ್ಣನ ಗೋಡೆಯ ಮೇಲೆ ಬಿಳಿ ವೈಫೈ ಡಬ್ಬಿಯೊಂದಿದೆ. ಬೀದಿಗೆಲ್ಲ ನೆಟ್ ಕೊಡುವುದು ಅದೇ. ಹಾಕಲು ಬಂದವರು ಮೊದಲು ನೋಡಿದ್ದು ನನ್ನ ಗೋಡೆಯನ್ನು. "ಹೊಂಗೆ ಮರ ಅಡ್ಡ ಬತ್ತದೆ ಸಾರ್" ಎಂದು ಏಣಿ ಎತ್ತಿಕೊಂಡು ಆ ಕಡೆ ಹೋದರು.

ಅಲ್ಲಿಯವರೆಗೆ ಅಜ್ಜಂಪುರದ ನಮ್ಮ ಬೀದಿಯ ಸಂಜೆ ನಡೆಯುತ್ತಿದ್ದುದು ನನ್ನ ಜಗಲಿಯಲ್ಲಿ. ಅದೇ ಹೊಂಗೆಯ ನೆರಳು, ನನ್ನಾಕೆಯ ಖಾರ ಮಂಡಕ್ಕಿ, ನನ್ನ ರೈಲ್ವೆ ಕತೆಗಳು. ಡಬ್ಬಿ ಬಂದ ವಾರಕ್ಕೇ ಜನವೆಲ್ಲ ರುದ್ರಣ್ಣನ ಜಗಲಿಗೆ ಹೋದರು. ನನಗೆ ಮಂಡಕ್ಕಿ ಉಳಿಯಿತು.

ನಾನು ಶಿವನಿ ಸ್ಟೇಷನ್ನಿನಲ್ಲಿ ಮಾಸ್ಟರಾಗಿದ್ದವನು. ಬಣ್ಣದ ದೀಪ ಕಂಡರೆ ಸುಮ್ಮನೆ ಕೂರಲಾರೆ. ಬಹಳ ಹಿಂದೆ ರೈಲಿಗೆ 'ಹೋಗು' ಎನ್ನಲು ಬಿಳಿ ದೀಪವನ್ನೇ ತೋರಿಸುತ್ತಿದ್ದರಂತೆ. ಯಾರದೋ ಮನೆಯ ಲಾಂದ್ರವನ್ನು ಸಿಗ್ನಲ್ ಎಂದುಕೊಂಡು ಡ್ರೈವರ್ ನುಗ್ಗಿಬಿಟ್ಟರೆ ಎಂಬ ಭಯಕ್ಕೆ ಹಸಿರು ಬಂತಂತೆ. ನಿವೃತ್ತನಾದ ಮೇಲೆ ನನ್ನಿಂದ ಯಾವ ಬಣ್ಣವನ್ನೂ ಯಾರೂ ಕೇಳಿರಲಿಲ್ಲ. ಈ ಡಬ್ಬಿಗೆ ಮಾತ್ರ ಮೂರು ದೀಪ! ಡಬ್ಬಿ ಹಾಕಿದವರು ಬಿಸಾಡಿ ಹೋದ ಕಾಗದವನ್ನು ತಂದು ಓದಿದೆ. ಮೊದಲನೆಯದು ಕರೆಂಟಿನದು, ಕಿತ್ತಳೆ; ಎರಡನೆಯದು ನೆಟ್ಟಿನದು, ಹಸಿರು. ಜನ ಬಳಸುವಾಗ ಮಿಟುಕುವುದು ಮೂರನೆಯದು. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ತಳದಲ್ಲಿ ರಬ್ಬರ್ ಮುಚ್ಚಳದೊಳಗೆ ಒಂದೇ ಥರದ ಎರಡು ಪೋರ್ಟು. ಕರೆಂಟು, ನೆಟ್ಟು ಎರಡೂ ಒಂದೇ ತಂತಿಯಲ್ಲಿ ಬಂದು ಮೊದಲನೇ ಪೋರ್ಟಿನಿಂದ ಒಳಗೆ ಹೋಗಬೇಕು.

ಆಯುಧಪೂಜೆಯ ದಿನ ರುದ್ರಣ್ಣ ಬೈಕು, ತಕ್ಕಡಿಗಳ ಜೊತೆ ಡಬ್ಬಿಯನ್ನೂ ಬಿಡಲಿಲ್ಲ. ತಂತಿ ಬಿಚ್ಚಿ, ಒರೆಸಿ, ಮೂರು ಪಟ್ಟೆ ವಿಭೂತಿ ಬಳಿದು, ಸೇವಂತಿಗೆ ಮುಡಿಸಿ, ತಂತಿಯನ್ನು ಮತ್ತೆ ಸಿಕ್ಕಿಸಿದ. ಸಿಕ್ಕಿಸಿದ್ದು ಪಕ್ಕದ ಪೋರ್ಟಿಗೆ. ನಾನು ಕಣ್ಣಾರೆ ಕಂಡೆ. ಬಾಯಿ ಬಿಡಲಿಲ್ಲ.

ಸಂಜೆಯೇ ನನ್ನ ಜಗಲಿ ತುಂಬಿತು. ಎಂಥ ಸಂತೋಷ ಅಂತೀರಿ! ಆದರೆ ಬಂದವರ ಬಾಯಲ್ಲಿ ಒಂದೇ ಮಾತು: "ನೆಟ್ ಯಾವಾಗ ಬತ್ತದೋ?" ನನ್ನ ಕತೆಯ ರೈಲು ಶಿವನಿ ಬಿಡುವಷ್ಟರಲ್ಲಿ ಯಾರಾದರೂ ಎದ್ದುಹೋಗಿ ಎದುರುಗೋಡೆ ನೋಡಿಕೊಂಡು ಬರುತ್ತಿದ್ದರು. "ಏನೋ ಗೊತ್ತಿದ್ದೂ ಸುಮ್ನಿದ್ದೀರಿ ಕಣ್ರೀ" ಎಂದಳು ನನ್ನಾಕೆ. ನಾನು ಮಂಡಕ್ಕಿ ಮುಕ್ಕಿದೆ.

ಮೂರನೇ ಸಂಜೆ ರುದ್ರಣ್ಣನೇ ಬಂದ. "ಮಾಸ್ಟ್ರೇ, ನೀವೇ ಒಂದ್ಸಲ ನೋಡಿ. ದಿನಾ ಅದನ್ನೇ ನೋಡ್ಕಂಡು ಕೂತಿರ್ತಿದ್ರಿ. ಈ ಬೀದೀಲಿ ನಿಮ್ಮಷ್ಟು ಕಾಳಜಿ ಇನ್ಯಾರಿಗೈತೆ ಹೇಳಿ?"

ನಾಚಿಕೆಯಾಯಿತು. ಏಣಿ ಹತ್ತಿ ತಂತಿ ಬದಲಿಸಿದೆ. ದೀಪ ಮುಚ್ಚಿದ್ದ ವಿಭೂತಿಯನ್ನು ಪಂಚೆಯ ಅಂಚಿನಿಂದ ಒರೆಸಿದೆ. ಮೊದಲು ಕಿತ್ತಳೆ, ಆಮೇಲೆ ಹಸಿರು. ಕೆಳಗೆ ನೋಡಿದರೆ ನನ್ನ ಜಗಲಿ ಖಾಲಿ. ಮಂಡಕ್ಕಿ ತಟ್ಟೆಯೂ ಬೀದಿ ದಾಟಿತ್ತು.

ಈಗ ದಿನಾ ಸಂಜೆ ರುದ್ರಣ್ಣ ಅಲ್ಲಿಂದಲೇ ಕೂಗುತ್ತಾನೆ: "ಮಾಸ್ಟ್ರೇ, ಹೆಂಗೈತೆ?" ನಾನು ಎದ್ದು ನಿಂತು, "ಹಸಿರು!" ಎನ್ನುತ್ತೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಆ ಮಿಟುಕುವ ಮೂರನೆಯದನ್ನು ಇನ್ನೂ ನೆಟ್ಟಗೆ ನೋಡಲಾರೆ. ಆದರೆ ಅವನು ಕೂಗುವುದು ಒಂದು ನಿಮಿಷ ತಡವಾದರೂ ಸಾಕು, ನಾನಾಗಲೇ ಎದ್ದು ನಿಂತಿರುತ್ತೇನೆ.